ರೇಡಿಯೇಟರ್ ಮುಚ್ಚಳದಿಂದ ಮಡ್‌ಗಾರ್ಡಿನವರೆಗೆ: ಹಿಕರಿ ಕಾರ್ನರ್ಸ್‌ನಲ್ಲಿ ಒಂದು ದಿನ

ಡೆಟ್ರಾಯಿಟ್‌ನಿಂದ ಐ-94 ಹೆದ್ದಾರಿ ಹಿಡಿದು ಪಶ್ಚಿಮಕ್ಕೆ ಹೊರಟರೆ ಸುಮಾರು ಎರಡೂವರೆ ಗಂಟೆಗೆ ಅಮೆರಿಕದ ಮಿಷಿಗನ್ ರಾಜ್ಯದ ಹಿಕರಿ ಕಾರ್ನರ್ಸ್. ಕೊನೆಯ ಹಾದಿ ಹಳ್ಳಿ ರಸ್ತೆ. 90 ಎಕರೆಯ ಗಿಲ್ಮೋರ್ ಕಾರ್ ಮ್ಯೂಸಿಯಂ ಇರುವುದು ಇಲ್ಲೇ. ಕಾರುಗಳ ಲಾಂಛನ ನೋಡಲೆಂದೇ ಬಂದವರು 1920ರ ದಶಕದ ಕಾರುಗಳಿಂದ ಶುರು ಮಾಡುವುದು ಒಳ್ಳೆಯದು.

ಅವುಗಳ ರೇಡಿಯೇಟರ್ ಮುಚ್ಚಳದ ಮೇಲೆ ದುಂಡಗೆ ನಿಂತಿರುವುದು ಬಾಯ್ಸ್ ಮೋಟೋಮೀಟರ್ ಎಂಬ ಉಷ್ಣಮಾಪಕ. ಶೋಕಿಗಲ್ಲ, ನೀರು ಕುದಿಯುತ್ತಿದೆಯೇ ಎಂದು ಸೀಟಿನಿಂದಲೇ ನೋಡಲು. ಅದು ಅಳೆಯುತ್ತಿದ್ದುದು ನೀರಿನ ಮೇಲಿನ ಆವಿಯ ಬಿಸಿಯನ್ನು. ಮೀಟರು ಡ್ಯಾಶ್‌ಬೋರ್ಡಿಗೆ ಹೋದಮೇಲೆ ಆ ಜಾಗ ಪೂರ್ತಿ ಗೊಂಬೆಗಳ ಪಾಲು: ಪಿಯರ್ಸ್-ಆ್ಯರೋದ ಬಿಲ್ಲುಗಾರ, ಡಾಡ್ಜ್‌ನ ಟಗರು. ಆಮೇಲೆ ಮುಚ್ಚಳ ಬಾನೆಟ್ಟಿನೊಳಗೆ ಸೇರಿತು, ಗೊಂಬೆ ಹೊರಗೇ ಉಳಿಯಿತು.

ಕ್ಯಾಡಿಲಾಕ್ ಕಟ್ಟಡ 1948ರ ಶೋರೂಮಿನ ಮಾದರಿಯದು. ಈ ಕಾರುಗಳ ಹಳೆಯ ಲಾಂಛನದಲ್ಲಿ ಕಾಲಿಲ್ಲದ ಪುಟ್ಟ ಹಕ್ಕಿಗಳಿವೆ. 1701ರಲ್ಲಿ ಡೆಟ್ರಾಯಿಟ್ ಕೋಟೆ ಕಟ್ಟಿದ ಫ್ರೆಂಚ್ ಅಧಿಕಾರಿ ಕ್ಯಾಡಿಲಾಕ್ ತನಗೆ ತಾನೇ ಹೊಂದಿಸಿಕೊಂಡ ಕುಲಚಿಹ್ನೆ ಅದು. ಅದೇ ಕೋಟೆಗೆ 1763ರಲ್ಲಿ ಮುತ್ತಿಗೆ ಹಾಕಿದವನು ಮೂಲನಿವಾಸಿ ನಾಯಕ ಪಾಂಟಿಯಾಕ್. ಕಟ್ಟಿದವನೂ ಮುತ್ತಿದವನೂ ಕೊನೆಗೆ ಜನರಲ್ ಮೋಟಾರ್ಸ್‌ನ ಬಾನೆಟ್ಟಿನ ಮೇಲೆ!

ಬ್ಯೂಕ್ ಕಾರುಗಳ ಬಳಿ ಪಕ್ಕಕ್ಕೆ ನಿಲ್ಲಿ. 1949ರ ರೋಡ್‌ಮಾಸ್ಟರ್‌ನ ಮಡ್‌ಗಾರ್ಡಿನಲ್ಲಿ ಒಂದೊಂದು ಬದಿಗೆ ನಾಲ್ಕು ತೂತು, ಅದಕ್ಕಿಂತ ಕೆಳಗಿನ ಸೂಪರ್ ಮಾದರಿಗೆ ಮೂರು. ಹೆಸರು ಓದದೆಯೇ ದರ್ಜೆ ತಿಳಿಯುತ್ತಿತ್ತು. ಬೇರೆ ಕಾರಿಗೆ ಹಚ್ಚಿಕೊಳ್ಳಲು ಸುಳ್ಳು ತೂತುಗಳೂ ಮಾರಾಟಕ್ಕಿದ್ದವು.

ಸಣ್ಣ ಟಾರ್ಚ್ ಜೊತೆಗಿರಲಿ, ಬೆಳಕು ಓರೆಯಾಗಿ ಬೀಳಲಿ. ಕ್ರೋಮಿನ ಮೇಲೆ ಸಾಸಿವೆಯಷ್ಟು ಗುಳ್ಳೆ ಕಂಡರೆ ಬ್ಯಾಡ್ಜ್ ಸತು ಮಿಶ್ರಲೋಹದ ಎರಕ: ಲೇಪದ ಸೂಕ್ಷ್ಮ ರಂಧ್ರಗಳಿಂದ ತೇವ ಇಳಿದು ಸತು ತಿಂದುಹೋಗಿ ಉಬ್ಬುತ್ತದೆ. ಪಾಲಿಶಿನಿಂದ ಇದು ಹೋಗದು. ಕ್ರೋಮ್ ತೆಗೆದು, ಕುಳಿ ತುಂಬಿ, ತಾಮ್ರ ಲೇಪಿಸಿ ಮತ್ತೆ ಕ್ರೋಮ್ ಮಾಡಿಸಬೇಕು, ದುಬಾರಿ ಕೆಲಸ.

ಮನೆಯ ಕಾರಿನ ಬ್ಯಾಡ್ಜ್ ಬಿಚ್ಚುವವರು ಸ್ಕ್ರೂಡ್ರೈವರ್‌ನಿಂದ ಮೀಟಬಾರದು. ಹಿಂಬದಿಯಲ್ಲಿ ಎರಕದ್ದೇ ಎರಡು ಮೂರು ಮೊಳೆಗಳಿರುತ್ತವೆ; ಪಟ್ಟನೆ ಮುರಿಯುತ್ತವೆ. ಮಡ್‌ಗಾರ್ಡಿನ ಒಳಗಿನಿಂದ ನಟ್ಟಿಗೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಒಂದು ರಾತ್ರಿ ಕಾದು ಬಿಚ್ಚಿ. ಪೇಂಟಿಗೆ ಮೊದಲೇ ತೂತುಗಳ ಅಳತೆಯನ್ನು ಕಾಗದದ ಮೇಲೆ ಬಾಗಿಲಂಚಿನಿಂದ ಗುರುತಿಸಿಟ್ಟುಕೊಳ್ಳಿ. ಮರಳಿ ಕೂರಿಸುವಾಗ ಪ್ರತಿ ಮೊಳೆಯ ಸುತ್ತ ಸೀಲಂಟ್ ಹಚ್ಚಿ; ಬಿಟ್ಟರೆ ಮಡ್‌ಗಾರ್ಡಿಗೆ ತುಕ್ಕು ಹತ್ತುವುದು ಆ ತೂತುಗಳಿಂದಲೇ.