ಬ್ರಿಜಿಡ್ ಹಬ್ಬದ ಬಗ್ಗೆ ಮಕ್ಕಳಿಗೆ ಏನು ಹೇಳೋದು?

"ಅಕ್ಕಾ, ಮಗಳು ಸ್ಕೂಲಿಂದ ಹುಲ್ಲಿನ ಶಿಲುಬೆ ಹಿಡ್ಕೊಂಡು ಬಂದಿದ್ದಾಳೆ. ಸೇಂಟ್ ಬ್ರಿಜಿಡ್ ಅಂತೆ. ಅದ್ಯಾರು ಅಂತ ನಮ್ಮನ್ನೇ ಕೇಳ್ತಾಳೆ. ಏನು ಹೇಳೋದು?"

ಜನವರಿ ಮುಗಿಯುತ್ತಾ ಬಂತು ಅಂದರೆ ಇಲ್ಲಿನ ಕನ್ನಡದ ತಾಯಂದಿರಿಂದ ಈ ಫೋನ್ ಬಂದೇ ಬರುತ್ತದೆ. ನಾನು ಐರ್ಲೆಂಡಿನ ಕಿಲ್ಡೇರ್ ಕೌಂಟಿಯಲ್ಲಿ ಮೂರರಿಂದ ಐದು ವರ್ಷದ ಮಕ್ಕಳ ಪ್ರೀಸ್ಕೂಲಿನಲ್ಲಿ ಕೆಲಸ ಮಾಡುತ್ತೇನೆ. ಹಾಗಾಗಿ ಎಲ್ಲ ಗೊತ್ತಿರುತ್ತದೆ ಅಂತ ಅವರ ನಂಬಿಕೆ. ಊರಿನವರ ಪ್ರಶ್ನೆಯೇ ಬೇರೆ. "ಐರ್ಲೆಂಡಿನ ಹಬ್ಬ ಅಂದ್ರೆ ಹಸಿರು ಬಟ್ಟೆ ಹಾಕೋ ಪ್ಯಾಟ್ರಿಕ್ ಹಬ್ಬ ಅಲ್ವಾ?" ಅದು ಮಾರ್ಚ್ 17ಕ್ಕೆ. ಅದನ್ನು ಅಂಗಡಿಯವರೇ ಹೇಳಿಕೊಡುತ್ತಾರೆ ಬಿಡಿ, ಹಸಿರು ಟೋಪಿ ಮಾರಿಕೊಂಡು. ಬ್ರಿಜಿಡ್ ಹಬ್ಬ ಫೆಬ್ರವರಿ 1ಕ್ಕೆ. ಅದಕ್ಕೆ ಸರ್ಕಾರಿ ರಜೆ ಸಿಕ್ಕಿದ್ದು 2023ರಲ್ಲಿ. ಹೆಂಗಸಿನ ಹೆಸರಲ್ಲಿ ಈ ದೇಶ ಕೊಟ್ಟ ಮೊದಲ ರಜೆ ಅದು.

ನನ್ನ ಉತ್ತರ ಇಷ್ಟೇ: ಕಥೆ ಒಂದೇ ಹೇಳಿ, ಉಳಿದದ್ದನ್ನು ಮಕ್ಕಳ ಕೈಗೆ ಕೊಡಿ.

ಬ್ರಿಜಿಡ್ ಯಾರು ಅನ್ನುವುದು ದೊಡ್ಡವರಿಗೇ ಬಗೆಹರಿದಿಲ್ಲ. ಸುಮಾರು ಸಾವಿರದೈನೂರು ವರ್ಷದ ಹಿಂದೆ ಕಿಲ್ಡೇರ್‌ನಲ್ಲಿ ಮಠ ಕಟ್ಟಿದ ಸಂತಳು ಅಂತ ಚರ್ಚಿನವರು ಹೇಳುತ್ತಾರೆ. ಊರಿನ ಹೆಸರಿಗೇ ಐರಿಷ್ ಭಾಷೆಯಲ್ಲಿ ಓಕ್ ಮರದ ಚರ್ಚ್ ಅಂತ ಅರ್ಥ. ಕ್ರೈಸ್ತ ಧರ್ಮ ಬರುವ ಮೊದಲೇ ಇದೇ ಹೆಸರಿನ ದೇವತೆ ಇದ್ದಳು, ಕವಿತೆಗೆ, ಮದ್ದಿಗೆ, ಕಮ್ಮಾರಿಕೆಗೆ ಅವಳೇ ಒಡತಿ ಅಂತ ಇನ್ನೊಂದು ಮಾತು. ನಾಲ್ಕು ವರ್ಷದ ಮಗುವಿಗೆ ಈ ತಂಟೆ ಯಾಕೆ? "ಅವಳು ನಿಜವಾಗ್ಲೂ ಇದ್ಳಾ?" ಅಂತ ಕೇಳಿದರೆ "ಇದ್ದಳಂತೆ, ಇಲ್ಲೇ ನಮ್ಮೂರಲ್ಲಿ" ಅನ್ನುತ್ತೇನೆ. ಅದೇ ಅವರಿಗೆ ದೊಡ್ಡ ಸುದ್ದಿ.

ಶಿಲುಬೆಯ ಹಿಂದೆ ಒಂದು ಕಥೆ ಇದೆ. ಸಾಯಲು ಮಲಗಿದ್ದ ಒಬ್ಬ ನಾಯಕನ ಪಕ್ಕ ಕೂತು ಬ್ರಿಜಿಡ್ ನೆಲಕ್ಕೆ ಹಾಸಿದ್ದ ಜೊಂಡಿನಲ್ಲೇ ಅದನ್ನು ಹೆಣೆದಳಂತೆ. ಪುಟ್ಟ ಮಕ್ಕಳಿಗೆ ನಾನು ಅದನ್ನು ಹೇಳುವುದಿಲ್ಲ. ಒಮ್ಮೆ ಹೇಳಿದ್ದೆ. ಮಧ್ಯಾಹ್ನವೆಲ್ಲ "ಆ ತಾತ ಸತ್ತೋದ್ನಾ?" ಅಂತಲೇ ಕೇಳುತ್ತಿದ್ದರು. ಹೆಣೆಯುವುದನ್ನು ಮಾತ್ರ ಬಿಡುವುದಿಲ್ಲ. ಅಂಗಡಿಯಲ್ಲಿ ಸಿಗುವ ಬಣ್ಣದ ಪೈಪ್ ಕ್ಲೀನರ್‌ನಲ್ಲಿ, ಅಂದರೆ ಜುಂಗು ಸುತ್ತಿದ ಮೆತ್ತನೆ ತಂತಿಯಲ್ಲಿ, ಹತ್ತು ನಿಮಿಷಕ್ಕೆ ಆಗುತ್ತದೆ, ನೋಡಲಿಕ್ಕೂ ಚೆಂದ. ಆದರೂ ನನಗೆ ಜೊಂಡೇ ಬೇಕು. ಒದ್ದೆ ಗದ್ದೆಯ ಅಂಚಿಗೆ ಬೂಟು ಹಾಕಿಕೊಂಡು ಹೋಗಿ ತರುವುದರಲ್ಲೇ ಅರ್ಧ ಹಬ್ಬ ಇದೆ. ಮೊದಲ ವರ್ಷ ನಾನು ಕತ್ತರಿ ಹಿಡಿದು ಹೊರಟಿದ್ದೆ. ಜೊತೆಗಿದ್ದ ಹಿರಿಯ ಸಹಾಯಕಿ ಅದನ್ನು ಕಸಿದು ಜೇಬಿಗೆ ಹಾಕಿಕೊಂಡರು. ಜೊಂಡನ್ನು ಕತ್ತರಿಸಬಾರದು, ಕೀಳಬೇಕು. ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ನಿಯಮ ಬೇಕಾ?

ಹೆಣೆಯುವುದು ಹೀಗೆ: ಜೊಂಡಿನ ಒಂದು ಎಸಳನ್ನು ನೆಟ್ಟಗೆ ಹಿಡಿಯಿರಿ. ಇನ್ನೊಂದನ್ನು ನಡುವೆ ಮಡಚಿ ಅದಕ್ಕೆ ಸಿಕ್ಕಿಸಿ, ತುದಿಗಳು ಬಲಕ್ಕಿರಲಿ. ಇಡೀ ಕಟ್ಟನ್ನು ಎಡಕ್ಕೆ ಕಾಲು ಸುತ್ತು ತಿರುಗಿಸಿ, ಮುಂದಿನದನ್ನು ಹಾಗೇ ಮಡಚಿ ಸಿಕ್ಕಿಸಿ. ನಡುವೆ ಚೌಕ ಮೂಡುತ್ತಾ ಹೋಗುತ್ತದೆ, ನಾಲ್ಕು ಕೈ ಗಿರಗಿಟ್ಲೆಯ ಹಾಗೆ ಹೊರಡುತ್ತವೆ. ಕೊನೆಗೆ ತುದಿಗಳಿಗೆ ದಾರ. ಹೆಬ್ಬೆರಳು ಸಡಿಲವಾದರೆ ಎಲ್ಲ ಬಿಚ್ಚಿಕೊಂಡು ಬೀಳುತ್ತದೆ, ಅದಕ್ಕೇ ಇಬ್ಬಿಬ್ಬರನ್ನು ಕೂರಿಸುತ್ತೇನೆ. ಒಬ್ಬರು ಹಿಡಿಯುವುದು, ಒಬ್ಬರು ಮಡಚುವುದು. ಸೊಟ್ಟ ಆದರೆ ಆಗಲಿ. ನೀವು ಕೈ ಹಾಕಿ ಸರಿ ಮಾಡಬೇಡಿ. ಮನೆಯಲ್ಲಿ ಬಾಗಿಲ ಮೇಲೆ ಸಿಕ್ಕಿಸಿದರೆ ವರ್ಷವಿಡೀ ಬೆಂಕಿ ಅನಾಹುತ ಆಗದಂತೆ ಕಾಯುತ್ತದೆ ಅಂತ ಹಳಬರ ನಂಬಿಕೆ. ದನದ ಕೊಟ್ಟಿಗೆಗೂ ಒಂದು ಕಟ್ಟುತ್ತಿದ್ದರು.

"ನಾವು ಕ್ರಿಶ್ಚಿಯನ್ ಅಲ್ಲವಲ್ಲ, ಪರವಾಗಿಲ್ವಾ?" ಅಂತ ಕೆಲವರು ಅಳುಕುತ್ತಾರೆ. ಇದು ಐರ್ಲೆಂಡಿನ ಲೆಕ್ಕದಲ್ಲಿ ವಸಂತದ ಮೊದಲ ದಿನವೂ ಹೌದು. ಹೊರಗೆ ಕೈ ಮರಗಟ್ಟುವ ಚಳಿ, ವಸಂತ ಎಲ್ಲಿ ಅನ್ನಬೇಡಿ. ಡಿಸೆಂಬರ್‌ನಲ್ಲಿ ನಾಲ್ಕು ದಾಟಿದ ಕೂಡಲೇ ಮುಳುಗುತ್ತಿದ್ದ ಸೂರ್ಯ ಈಗ ಐದರವರೆಗೂ ಇರುತ್ತಾನೆ. ಮಗುವನ್ನು ಕರೆದುಕೊಂಡು ಹೋಗುವಾಗ ಬೇಲಿ ಕೆಳಗೆ ಬಿಳಿ ಸ್ನೋಡ್ರಾಪ್ ಹೂವು ಹುಡುಕಿ. ಅದಕ್ಕೆ ಯಾವ ಧರ್ಮವೂ ಬೇಕಿಲ್ಲ.

ಇನ್ನು ನಾನು ಹೇಳುವ ಆ ಒಂದೇ ಕಥೆ. ಮಠಕ್ಕೆ ಜಾಗ ಕೊಡು ಅಂತ ಬ್ರಿಜಿಡ್ ಈ ಸೀಮೆಯ, ಅಂದರೆ ಲೆನ್‌ಸ್ಟರ್‌ನ ರಾಜನನ್ನು ಕೇಳಿದಳು. ಅವನು ಕೊಡಲಿಲ್ಲ. "ಹೋಗಲಿ, ನನ್ನ ಹೊದಿಕೆ ಮುಚ್ಚುವಷ್ಟು ಕೊಡ್ತೀಯಾ?" ಅಂದಳು. ರಾಜ ನಕ್ಕು ಒಪ್ಪಿದ. ನಾಲ್ವರು ಹುಡುಗಿಯರು ನಾಲ್ಕು ಮೂಲೆ ಹಿಡಿದು ನಾಲ್ಕು ದಿಕ್ಕಿಗೆ ಓಡಿದರು. ಹೊದಿಕೆ ಬೆಳೆಯುತ್ತಾ ಹೋಗಿ ಇಡೀ ಕರ್ರಾ ಬಯಲನ್ನೇ ಮುಚ್ಚಿತು. ಇವತ್ತಿಗೂ ಕುರಿ ಮೇಯುವ, ಕುದುರೆ ಓಡುವ ಸುಮಾರು 5000 ಎಕರೆ ಬಯಲು ಅದು. ನಮ್ಮ ಮಕ್ಕಳು ಕಾರಿನಲ್ಲಿ ದಿನಾ ನೋಡುವ ಜಾಗ.

ಹೋದ ವರ್ಷ ಹೊದಿಕೆಗೆ ಅಂತ ಅಮ್ಮನ ಹಳೇ ನೀಲಿ ಕಾಟನ್ ಸೀರೆ ತೆಗೆದುಕೊಂಡು ಹೋಗಿದ್ದೆ. ಐದೂವರೆ ಮೀಟರ್ ಬಿಚ್ಚುತ್ತಾ ಹೋದ ಹಾಗೆ ಮಕ್ಕಳ ಬಾಯಿ ತೆರೆದೇ ಉಳಿಯಿತು. "ಇನ್ನೂ ಇದೆಯಾ?" ಅಂತ ಒಬ್ಬ ಪಿಸುಗುಟ್ಟಿದ. ಅಂಗಳದಲ್ಲಿ ನಾಲ್ಕು ಮೂಲೆಗೆ ನಾಲ್ವರು ನಿಂತರು. ಓಡಿ ಅಂದೆ. ಓಡಿದರು. ಸೀರೆ ಚರ್ ಅಂತ ಹರಿಯಿತು.

ಒಂದು ಕ್ಷಣ ಎಲ್ಲರೂ ಗಪ್‌ಚಿಪ್. ಮೂಲೆ ಹಿಡಿದಿದ್ದ ಹುಡುಗಿ ಕೈಯಲ್ಲಿದ್ದ ತುಂಡನ್ನು ನೋಡಿ, "ರಾಜ ಮೋಸ ಮಾಡಿದ" ಅಂದಳು.

ಅದೇ ತುಂಡಿನಿಂದ ಇನ್ನೊಂದು ಸಂಪ್ರದಾಯ ನೆನಪಾಯಿತು. ಹಬ್ಬದ ಹಿಂದಿನ ರಾತ್ರಿ ಮನೆಯ ಹೊರಗೆ ಬಟ್ಟೆಯೊಂದನ್ನು ಇಡುತ್ತಾರೆ. ಬ್ರಿಜಿಡ್ ಬಂದು ಮುಟ್ಟಿ ಹೋಗುತ್ತಾಳೆ, ಆಮೇಲೆ ಅದನ್ನು ಕಟ್ಟಿಕೊಂಡರೆ ತಲೆನೋವು ಹೋಗುತ್ತದೆ ಅಂತ. ಉಳಿದ ಸೀರೆಯನ್ನೂ ಹರಿದು ಎಲ್ಲರಿಗೂ ಒಂದೊಂದು ಪಟ್ಟಿ ಕೊಟ್ಟೆ. ಮಾರನೇ ದಿನ ಇಬ್ಬನಿಯಲ್ಲಿ ನೆಂದ ಪಟ್ಟಿಯನ್ನು ಹಣೆಗೆ ಸುತ್ತಿಕೊಂಡ ಮಕ್ಕಳ ಫೋಟೋ ಒಂದೊಂದಾಗಿ ಬಂದವು. ಕೆಲವು ಅಪ್ಪಂದಿರೂ ಸುತ್ತಿಕೊಂಡಿದ್ದರು.

ಅಮ್ಮನಿಗೆ ಫೋಟೋ ಕಳಿಸಿದೆ. ತಕ್ಷಣ ಫೋನ್ ಬಂತು.

"ಅದು ನನ್ನ ನೀಲಿ ಸೀರೆ ಅಲ್ವೇನೇ?"

"ಹೂಂ ಅಮ್ಮ. ಹದಿನೆಂಟು ಮನೆಗೆ ಹಂಚಿದೆ."

"ಸೆರಗಾದ್ರೂ ಇಟ್ಕೊಂಡ್ಯೋ ಇಲ್ವೋ?"