ಬೂನ್ ಮನೆತನದ ವಂಶವೃಕ್ಷ: ನಾಲ್ಕನೇ ತಿಂಗಳ ಕೆಲಸ

ಮೂರು ತಿಂಗಳಿಂದ ಗೋಡೆ ಮೇಲಿದ್ದ ಚಾರ್ಟ್ ಹಾಳೆಯನ್ನು ಈ ಭಾನುವಾರ ಬಿಚ್ಚಿ ಕೆಳಗಿಟ್ಟೆ. ಇನ್ನೊಂದು ದೊಡ್ಡ ಹಾಳೆ ತಂದು ಮೊದಲಿನಿಂದ ಬರೆಯುತ್ತಿದ್ದೇನೆ. ಇದಕ್ಕೆ ಕಾರಣ ರೆಬೆಕಾ.

ಡೇನಿಯಲ್ ಬೂನ್ ಎಂದರೆ ಅಮೆರಿಕದಲ್ಲಿ 1775ರಲ್ಲಿ ಬೆಟ್ಟ ದಾಟಿ ಕೆಂಟಕಿಗೆ ದಾರಿ ಕಡಿದವನು. ಚಿತ್ರಗಳಲ್ಲೆಲ್ಲ ಕೋವಿ ಹಿಡಿದು ಕಾಡಿನಲ್ಲಿ ಒಬ್ಬನೇ ನಿಂತಿರುತ್ತಾನೆ. ನಾನೂ ಅವನನ್ನು ನಡುವೆ ಇಟ್ಟು, ಮೇಲೆ ಅಪ್ಪ ಅಮ್ಮ, ಕೆಳಗೆ ಮಕ್ಕಳು ಎಂದು ಬರೆದಿದ್ದೆ. ಹೆಂಡತಿ ರೆಬೆಕಾ ಬ್ರಯನ್‌ಗೆ ಪಕ್ಕದಲ್ಲಿ ಸಣ್ಣದೊಂದು ಚೌಕ. ಅವಳ ತವರಿನವರನ್ನು ಸೇರಿಸಲು ಹೊರಟಾಗ ಜಾಗವೇ ಸಾಲಲಿಲ್ಲ.

ಮೊದಲು ಅಪ್ಪನ ಕಡೆ, ಅದು ಮುಗಿದಿದೆ. ಅಪ್ಪ ಸ್ಕ್ವೈರ್ ಬೂನ್ ಇಂಗ್ಲೆಂಡಿನ ಡೆವನ್ ಸೀಮೆಯ ನೇಕಾರ. 1713ರಲ್ಲಿ ಪೆನ್ಸಿಲ್ವೇನಿಯಾಕ್ಕೆ ಬಂದ. ಉಳಿದ ಮನೆಯವರು 1717ರಲ್ಲಿ ಬಂದು ಸೇರಿದರು. 1720ರಲ್ಲಿ ವೇಲ್ಸ್ ಮೂಲದ ಸಾರಾ ಮಾರ್ಗನ್ ಜೊತೆ ಮದುವೆ. ಹನ್ನೊಂದು ಮಕ್ಕಳು, ಡೇನಿಯಲ್ ಆರನೆಯವನು.

ಇವರು ಕ್ವೇಕರ್ ಎಂಬ ಕ್ರೈಸ್ತ ಪಂಥದವರು. ಹೊರಗಿನವರನ್ನು ಮದುವೆಯಾದರೆ ಸಭೆಯಲ್ಲಿ ವಿಚಾರಣೆ. 1742ರಲ್ಲಿ ದೊಡ್ಡ ಮಗಳು ಹೊರಗಿನ ಹುಡುಗನನ್ನು ಮದುವೆಯಾದಳು, ಆಗಲೇ ಬಸುರಿ. ಅಪ್ಪ ಸಭೆಯ ಮುಂದೆ ತಪ್ಪೊಪ್ಪಿಕೊಂಡ. 1747ರಲ್ಲಿ ದೊಡ್ಡ ಮಗ ಇಸ್ರೇಲ್ ಕೂಡ ಹಾಗೇ ಮಾಡಿದ. ಈ ಸಲ ಅಪ್ಪ ಮಗನ ಪರ ನಿಂತ. ಸಭೆ ಅಪ್ಪನನ್ನು ಹೊರಗೆ ಹಾಕಿತು. ಅಮ್ಮ ಮಾತ್ರ ಮಕ್ಕಳನ್ನು ಕರೆದುಕೊಂಡು ತಿಂಗಳ ಸಭೆಗೆ ಹೋಗುವುದನ್ನು ಬಿಡಲಿಲ್ಲ. ಆ ಮನೆಯ ರಾತ್ರಿ ಊಟದ ಹೊತ್ತು ಹೇಗಿದ್ದಿರಬಹುದು ಎಂದು ಯೋಚಿಸುತ್ತಾ ಸುಮ್ನೆ ಕೂತಿದ್ದೆ. 1750ರಲ್ಲಿ ಗಂಟುಮೂಟೆ ಕಟ್ಟಿ ದಕ್ಷಿಣಕ್ಕೆ ಹೊರಟರು, ನಾರ್ತ್ ಕ್ಯಾರೊಲಿನಾದ ಯಾಡ್ಕಿನ್ ನದಿ ಬಯಲಿಗೆ.

ತಾರೀಖಿನ ಗೊಂದಲವೂ ಬಗೆಹರಿಯಿತು. ಡೇನಿಯಲ್ ಹುಟ್ಟಿದ್ದು ಒಂದು ಕಡೆ 1734ರ ಅಕ್ಟೋಬರ್ 22, ಇನ್ನೊಂದು ಕಡೆ ನವೆಂಬರ್ 2. ಎರಡೂ ಸರಿ. 1752ರಲ್ಲಿ ಬ್ರಿಟಿಷರು ಕ್ಯಾಲೆಂಡರ್ ಬದಲಿಸಿದಾಗ ಹನ್ನೊಂದು ದಿನ ಜಿಗಿಯಿತು. ಅವನು ಮಾತ್ರ ಹಳೆಯ ಅಕ್ಟೋಬರ್ ದಿನವನ್ನೇ ಹೇಳುತ್ತಿದ್ದ. ಅದಕ್ಕೇ ಹಾಳೆಯಲ್ಲಿ ಅಕ್ಟೋಬರ್ ಬರೆದಿದ್ದೇನೆ.

ಈಗ ರೆಬೆಕಾ. ಬ್ರಯನ್‌ಗಳೂ ಯಾಡ್ಕಿನ್ ಬಯಲಿನವರೇ. ಡೇನಿಯಲ್, ರೆಬೆಕಾ ಮದುವೆ 1756ರ ಆಗಸ್ಟ್ 14ರಂದು. ಡೇನಿಯಲ್‌ನ ತಮ್ಮ ನೆಡ್ ಮದುವೆಯಾಗಿದ್ದು ರೆಬೆಕಾಳ ಒಡಹುಟ್ಟಿದ ಮಾರ್ಥಾಳನ್ನು. ಡೇನಿಯಲ್‌ನ ತಂಗಿ ಮೇರಿಯ ಗಂಡ ವಿಲಿಯಂ ಬ್ರಯನ್, ರೆಬೆಕಾಳ ಚಿಕ್ಕಪ್ಪ. ಇಂಗ್ಲಿಷ್ ಪಟ್ಟಿಗಳಲ್ಲಿ ಓದಿದಾಗ ಪ್ರತಿ ಸಲವೂ ಎಳೆ ಕೈ ತಪ್ಪುತ್ತಿತ್ತು. ಕೊನೆಗೆ ಗೆರೆಗಳ ಮೇಲೆ ನಮ್ಮ ಮಾತಿನಲ್ಲೇ ಬರೆದುಕೊಂಡೆ: ಮಾರ್ಥಾ ರೆಬೆಕಾಗೆ ಒಡಹುಟ್ಟು, ವಾರಗಿತ್ತಿ ಕೂಡ. ಮೇರಿ ಅವಳಿಗೆ ನಾದಿನಿ, ಚಿಕ್ಕಮ್ಮ ಕೂಡ. ಬರೆದ ಕೂಡಲೇ ಗಂಟು ಬಿಟ್ಟಿತು. ನಮ್ಮ ಅಜ್ಜಿಯರಾಗಿದ್ದರೆ ಇದನ್ನು ಒಂದೇ ಉಸಿರಿಗೆ ಹೇಳುತ್ತಿದ್ದರು, ಅಲ್ವಾ?

ಗಂಡ ತಿಂಗಳುಗಟ್ಟಲೆ ಬೇಟೆಗೆ ಹೋದಾಗ ರೆಬೆಕಾ ಸಂಸಾರ ನಡೆಸಿದ್ದು ಈ ನೆಂಟಸ್ತಿಕೆಯ ನಡುವೆ. 1778ರ ಫೆಬ್ರವರಿಯಲ್ಲಿ ಅಲ್ಲಿನ ಮೂಲನಿವಾಸಿಗಳಾದ ಶಾನಿ ಜನ ಅವನನ್ನು ಸೆರೆ ಹಿಡಿದರು. ಸತ್ತೇ ಹೋದ ಎಂದುಕೊಂಡು ಅವಳು ಮಕ್ಕಳೊಡನೆ ತವರಿಗೆ ಮರಳಿದಳು. ಕೆಂಟಕಿಯ ಕೋಟೆಯಲ್ಲೇ ಉಳಿದವಳು ಮದುವೆಯಾಗಿದ್ದ ಮಗಳು ಜೆಮೈಮಾ. ಜೂನ್‌ನಲ್ಲಿ ಅಪ್ಪ ತಪ್ಪಿಸಿಕೊಂಡು, ಸುಮಾರು 160 ಮೈಲಿ ಹಾದಿ ಸವೆಸಿ ಬಂದಾಗ ಮನೆಯವರು ಎಂದು ಅಲ್ಲಿ ಸಿಕ್ಕಿದ್ದು ಅವಳೇ. ಎರಡು ವರ್ಷ ಹಿಂದೆ, 1776ರ ಜುಲೈನಲ್ಲಿ, ಅವಳನ್ನೂ ಇನ್ನಿಬ್ಬರು ಹುಡುಗಿಯರನ್ನೂ ಮೂಲನಿವಾಸಿಗಳು ಹೊತ್ತೊಯ್ದಿದ್ದರು. ಆಗ ಅವಳಿಗೆ 13. ಅಪ್ಪ ಬೆನ್ನಟ್ಟಿ ಹೋಗಿ ಬಿಡಿಸಿಕೊಂಡು ಬಂದಿದ್ದ. ಇಡೀ ಮನೆತನದಲ್ಲಿ ನನಗೆ ಜೆಮೈಮಾ ಮೇಲೆ ಜಾಸ್ತಿ ಅಕ್ಕರೆ.

ಇಲ್ಲೇ ಹೊಸ ಪ್ರಶ್ನೆ ಎದ್ದಿದ್ದು. ಸೆರೆಯವರನ್ನು ದತ್ತು ತೆಗೆದುಕೊಂಡು, ಸತ್ತ ತಮ್ಮವರ ಜಾಗ ತುಂಬುವುದು ಶಾನಿ ಜನರ ಪದ್ಧತಿ. ಡೇನಿಯಲ್‌ಗೂ ಷೆಲ್ಟೋವಿ, ಅಂದರೆ ದೊಡ್ಡಾಮೆ, ಎಂದು ಹೆಸರಿಟ್ಟರು. ನಾಯಕ ಬ್ಲ್ಯಾಕ್‌ಫಿಶ್ ಅವನನ್ನು ಮಗನಂತೆ ಕಂಡ ಎನ್ನುತ್ತಾರೆ. ಕೆಂಟಕಿ ಇವರೆಲ್ಲ ಬೇಟೆಯಾಡುತ್ತಿದ್ದ ನೆಲ, ಬೂನ್ ಬಂದದ್ದು ಅದನ್ನು ಹಂಚಿಕೊಳ್ಳುವುದಕ್ಕಲ್ಲ. ಆದರೂ ಆ ನಾಲ್ಕು ತಿಂಗಳ ಸಂಬಂಧವನ್ನು ಬಿಟ್ಟುಬಿಡಲು ಮನಸ್ಸು ಬರಲಿಲ್ಲ. ಬ್ಲ್ಯಾಕ್‌ಫಿಶ್ ಹೆಸರಿಗೆ ಚುಕ್ಕಿಗೆರೆ ಎಳೆದಿದ್ದೇನೆ.

ಮಕ್ಕಳ ಸಾಲು ಬರೆಯುವಾಗ ಕೈ ನಿಧಾನವಾಯಿತು. ಹತ್ತು ಮಕ್ಕಳು. ವಿಲಿಯಂ ಹಸುಗೂಸಾಗಿದ್ದಾಗಲೇ ಹೋದ. ಇಸ್ರೇಲ್ 1782ರ ಆಗಸ್ಟ್ 19ರಂದು ಬ್ಲೂ ಲಿಕ್ಸ್ ಕಾಳಗದಲ್ಲಿ, ಅಪ್ಪನ ಕಣ್ಣೆದುರೇ ಸತ್ತ. ಹಿರಿಮಗ ಜೇಮ್ಸ್ ಸತ್ತಿದ್ದು 1773ರ ಅಕ್ಟೋಬರ್ 10ರಂದು, ಕೆಂಟಕಿ ಮುಟ್ಟುವ ಮೊದಲೇ, 16ನೇ ವಯಸ್ಸಿಗೆ. ಹಿಂದುಳಿದಿದ್ದ ಅವನ ಗುಂಪಿನ ಮೇಲೆ ಬೆಳಗಿನ ಜಾವ ದಾಳಿಯಾಯಿತು. ಗುಂಪಿನಲ್ಲಿ ಆಡಮ್ ಎಂಬ ಕಪ್ಪು ಗುಲಾಮನೂ ಇದ್ದ. ಹೊಳೆ ದಡದಲ್ಲಿ ನೀರು ಕೊಚ್ಚಿ ತಂದಿದ್ದ ಮರದ ರಾಶಿಯೊಳಗೆ ಅಡಗಿ, ಜೇಮ್ಸ್‌ನನ್ನು ಹಿಂಸಿಸಿ ಕೊಂದದ್ದನ್ನು ನೋಡಿದವನು ಅವನು. ಜೇಮ್ಸ್ ಹೇಗೆ ಸತ್ತ ಎಂಬುದು ಗೊತ್ತಾಗಿದ್ದು ಅವನಿಂದ. ವಂಶವೃಕ್ಷಗಳಲ್ಲಿ ಅವನಿಗೆ ಜಾಗ ಇರುವುದಿಲ್ಲ. ನನ್ನ ಹಾಳೆಯಲ್ಲಿ ಜೇಮ್ಸ್ ಹೆಸರಿನ ಪಕ್ಕದಲ್ಲೇ, ಅದೇ ಶಾಯಿಯಲ್ಲಿ, ಆಡಮ್ ಎಂದು ಬರೆದಿದ್ದೇನೆ.

ಮುಂದಿನ ತಿಂಗಳು ಕಿರಿಯ ಮಗ ನೇಥನ್, 1781ರಲ್ಲಿ ಹುಟ್ಟಿದವನು. 1820ರ ಸೆಪ್ಟೆಂಬರ್ 26ರಂದು ಡೇನಿಯಲ್ ಕೊನೆಯುಸಿರೆಳೆದಿದ್ದು ಮಿಸೌರಿಯಲ್ಲಿದ್ದ ಅವನ ಮನೆಯಲ್ಲಿ. 1851ರಲ್ಲಿ ಲೈಮನ್ ಡ್ರೇಪರ್ ಎಂಬ ಇತಿಹಾಸಕಾರ ಹೋಗಿ ನೇಥನ್ ಮತ್ತು ಹೆಂಡತಿ ಆಲಿವ್ ಇಬ್ಬರನ್ನೂ ಕೂರಿಸಿ ಮಾತಾಡಿಸಿ, ಎಲ್ಲ ಬರೆದುಕೊಂಡ. ಮೊದಲು ಆಲಿವ್ ಹೇಳಿದ್ದನ್ನು ಓದುತ್ತೇನೆ.