ಪದವಿನ ಗೋಡೆ: ಕಾವಿ ಚಿತ್ರದ ಕೆಲಸ ಎಲ್ಲಿಗೆ ಬಂತು

ಮಣಿಪಾಲದ ನಮ್ಮ ವಸತಿ ಸಮುಚ್ಚಯದ ಹಿಂಬದಿಯಲ್ಲಿ ಗಾರೆ ಕಾಣದ ಹಳೆಯ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಆವರಣ ಗೋಡೆಯೊಂದಿದೆ. ಈ ಗುಡ್ಡದ ಗಿಡಗಳನ್ನು ಈ ಗುಡ್ಡದ ಕೆಮ್ಮಣ್ಣಿನಿಂದಲೇ ಆ ಗೋಡೆಯ ಮೇಲೆ ಕಾವಿ ಪದ್ಧತಿಯಲ್ಲಿ, ಅಂದರೆ ಸುಣ್ಣದ ಗಾರೆಯ ಮೇಲಿನ ಕೆಂಪು ಲೇಪವನ್ನು ಕೆರೆದು, ಬಿಡಿಸಬೇಕೆಂದು ಹೊರಟ ಕೆಲಸವು ಅರ್ಧ ದಾರಿ ದಾಟಿದೆ. ಮಳೆಗಾಲದಲ್ಲಿ ರೇಖಾಚಿತ್ರಗಳು ಮುಗಿದವು, ನವರಾತ್ರಿ ಕಳೆದ ಮೇಲೆ ಗಾರೆ ಹಚ್ಚಲು ಆರಂಭಿಸಿದೆವು, ಈಗ ಮೂರು ಅಂಕಣಗಳಲ್ಲಿ ಎರಡು ಸಿದ್ಧವಾಗಿವೆ.

ಚಿತ್ರಕ್ಕೆ ನಾವು ಹಾಕಿಕೊಂಡ ನಿಯಮ ಒಂದೇ: ಇಲ್ಲಿಂದ ನಡೆದು ಹೋಗಿ ನೋಡಲಾಗದ ಯಾವ ಜೀವಿಗೂ ಗೋಡೆಯಲ್ಲಿ ಜಾಗವಿಲ್ಲ. ನಗರದ ಗೋಡೆಗಳ ಮೇಲೆ ಪ್ರಕೃತಿಯೆಂದರೆ ಹುಲಿ, ಆನೆ, ಜಲಪಾತ ಮತ್ತು ಅವುಗಳ ಕೆಳಗೊಂದು ಘೋಷಣೆ ಎಂಬಂತಾಗಿದ್ದು, ಅದನ್ನು ನೋಡಿ ಬೆಳೆಯುವ ಮಗುವಿಗೆ ಪ್ರಕೃತಿಯು ಎಲ್ಲೋ ದೂರದಲ್ಲಿದೆ, ರಜೆಯಲ್ಲಿ ಕಾರು ಹತ್ತಿ ಹೋಗಿ ನೋಡಬೇಕಾದದ್ದು ಎಂಬ ಭಾವನೆಯೇ ಗಟ್ಟಿಯಾಗುತ್ತದೆ. ನಿವಾಸಿಗಳ ಸಂಘದ ಸಭೆಯಲ್ಲಿ ಹುಲಿಯ ಪರವಾಗಿಯೂ ಸಾಕಷ್ಟು ವಾದ ನಡೆಯಿತು. ಕರಾವಳಿಯವರಿಗೆ ಹುಲಿವೇಷದ ಮೇಲಿರುವ ಪ್ರೀತಿ ನನಗೂ ಇದೆ, ಆದರೆ ಅಷ್ಟಮಿಗೆ ಕುಣಿಯುವ ಹುಲಿ ಈ ಗೋಡೆಗೆ ಬೇಡವೆಂದು ಕೊನೆಗೆ ಎಲ್ಲರೂ ಒಪ್ಪಿದರು.

1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಆರಂಭವಾದ ಕಥೆಯನ್ನು ಯಾರು ಹೇಳಿದರೂ ಮಣಿಪಾಲವು ಆಗ ಬರಿಯ ಬೋಳುಗುಡ್ಡವಾಗಿತ್ತು ಎಂದೇ ಶುರುಮಾಡುತ್ತಾರೆ. ಮರಗಳ ಲೆಕ್ಕದಲ್ಲಿ ಅದು ನಿಜವಿರಬಹುದು. ಆದರೆ ಮುರಕಲ್ಲಿನ ಹಾಸು ಮೇಲೆಯೇ ಹರಡಿಕೊಂಡಿರುವ ಇಂಥ ಪದವುಗಳು, ಅಂದರೆ ಗುಡ್ಡದ ಮೇಲಿನ ಸಮತಟ್ಟು ಬಯಲುಗಳು, ಆಷಾಢದಿಂದ ಭಾದ್ರಪದದವರೆಗೆ ಬೋಳಾಗಿರುವುದಿಲ್ಲ. ಕಲ್ಲಿನ ತಗ್ಗುಗಳಲ್ಲಿ ನೀರು ನಿಂತು, ಬೆರಳಿನಷ್ಟು ಎತ್ತರದ ಗಿಡಗಳು ಎದ್ದು, ಹೂ ಬಿಟ್ಟು, ಮಳೆ ಹಿಂದೆ ಸರಿಯುತ್ತಿದ್ದಂತೆ ಬೀಜ ಉದುರಿಸಿ ಒಣಗಿ ಹೋಗುತ್ತವೆ. ಬಿಳಿಯ ಗುಂಡುತಲೆಯ ಎರಿಯೊಕಾಲನ್, ನೇರಳೆ ಹೂವಿನ ಯುಟ್ರಿಕ್ಯುಲೇರಿಯಾ, ಅಂಟುಹನಿಗಳ ರೋಮ ಹೊತ್ತ ಡ್ರೊಸೆರಾ ಇವುಗಳನ್ನು ನಿಂತು ನೋಡಿದರೆ ಹುಲ್ಲಿನ ಕೆಸರೆಂದೇ ಅನ್ನಿಸುತ್ತದೆ, ಮಂಡಿಯೂರಿದರೆ ಮಾತ್ರ ಗಿಡವಾಗಿ ಕಾಣುತ್ತವೆ.

ರೇಖಾಚಿತ್ರದ ಪ್ರಯೋಜನ ನಮಗೆ ತಿಳಿದದ್ದು ಅಲ್ಲಿಯೇ. ಮೊಬೈಲಿನಲ್ಲಿ ಚಿತ್ರ ತೆಗೆಯುವವರು ಕ್ಷಣದಲ್ಲಿ ಎದ್ದು ಮುಂದೆ ಹೋಗುತ್ತಾರೆ, ಪೆನ್ಸಿಲು ಹಿಡಿದವರು ಮಾತ್ರ ಎಲೆ ಎಲ್ಲಿಂದ ಹೊರಡುತ್ತದೆ, ಕಾಂಡ ಎತ್ತ ಬಾಗಿದೆ ಎಂಬುದನ್ನು ತಾವೇ ನಿರ್ಧರಿಸಬೇಕಾಗುವುದರಿಂದ ಅಲ್ಲಿಯೇ ಕೂರುತ್ತಾರೆ. ಹಾಗೆ ಕೂತ ಮಕ್ಕಳಲ್ಲೊಬ್ಬಳು ಡ್ರೊಸೆರಾದ ಎಲೆಗೆ ಸಣ್ಣ ನೊಣವೊಂದು ಅಂಟಿಕೊಂಡಿರುವುದನ್ನು ಕಂಡು ಎಲ್ಲರನ್ನೂ ಕರೆದಳು. ಸಾರವೆಲ್ಲ ಮಳೆನೀರಿಗೆ ತೊಳೆದು ಹೋಗುವ ಈ ಮಣ್ಣಿನಲ್ಲಿ ಸಾರಜನಕ ಸಾಲದೆ ಗಿಡವು ಅದನ್ನು ಕೀಟಗಳಿಂದ ಪಡೆಯುತ್ತದೆ ಎಂಬ ಮಾತು ಪಾಠವೆನ್ನಿಸದೆ ಆ ನೊಣದ ವಿವರಣೆಯಾಗಿಯೇ ಬಂತು. ಯುಟ್ರಿಕ್ಯುಲೇರಿಯಾ ಕೂಡ ಬೇಟೆಗಾರನೇ. ಅದರ ಪುಟ್ಟ ಚೀಲಗಳು ತೇವದ ಮಣ್ಣಿನೊಳಗೆ ಹುದುಗಿದ್ದು, ಹತ್ತಿರ ಸುಳಿದ ಸೂಕ್ಷ್ಮಜೀವಿಗಳನ್ನು ನೀರಿನೊಂದಿಗೆ ಒಳಗೆಳೆದುಕೊಳ್ಳುತ್ತವೆ. ಎರಡನೆಯ ಅಂಕಣದಲ್ಲಿ ನೆಲದ ಗೆರೆಯ ಕೆಳಗೆ ಆ ಚೀಲಗಳನ್ನು ದೊಡ್ಡದಾಗಿ ಬಿಡಿಸಿದ್ದೇವೆ. ಇಡೀ ಗೋಡೆಯಲ್ಲಿ ನನಗೆ ಅತ್ಯಂತ ಹಿಡಿಸಿದ ಭಾಗ ಅದು.

ಇನ್ನು ಸಾಮಗ್ರಿಯ ವಿಚಾರ. ಗೋವೆಯಲ್ಲಿಯೂ ಉತ್ತರ ಕನ್ನಡದ ಕುಮಟಾ, ಅಂಕೋಲ ಕಡೆಯ ಹಳೆಯ ದೇವಸ್ಥಾನಗಳಲ್ಲಿಯೂ ಕಾಣಸಿಗುವ ಕಾವಿ ಕಲೆಯಲ್ಲಿ ಬಿಳಿಯ ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣು ಬೆರೆತ ತೆಳು ಲೇಪ ಕೊಟ್ಟು, ನಯವಾದ ಕಲ್ಲಿನಿಂದ ಉಜ್ಜಿ, ತೇವ ಆರುವ ಮೊದಲೇ ಕಂಟವೆಂಬ ಉಕ್ಕಿನ ಮೊನೆಯಿಂದ ಕೆಂಪನ್ನು ಕೆರೆದು ಒಳಗಿನ ಬಿಳುಪನ್ನು ಹೊರತೆಗೆಯುತ್ತಾರೆ. ನಮ್ಮ ಕೆಂಪು ದೂರದಿಂದ ಬರಬೇಕಾಗಲಿಲ್ಲ, ಪಕ್ಕದ ನಿವೇಶನದಲ್ಲಿ ಅಡಿಪಾಯಕ್ಕೆ ಅಗೆದು ರಾಶಿ ಹಾಕಿದ ಮಣ್ಣು ಸಾಕಾಯಿತು. ಅದನ್ನು ಬಕೆಟ್ಟಿನ ನೀರಿನಲ್ಲಿ ಕದಡಿ, ಮರಳು ತಳಕ್ಕೆ ಇಳಿದ ಮೇಲೆ ಮೇಲಿನ ಕೆಂಪು ನೀರನ್ನು ಬೇರೆ ಪಾತ್ರೆಗೆ ಬಗ್ಗಿಸಿ, ಅದರಲ್ಲಿ ತಂಗಿದ ನುಣುಪು ಮಣ್ಣನ್ನು ಒಣಗಿಸಿ ಬಟ್ಟೆಯಲ್ಲಿ ಸೋಸಿದೆವು. ಅದೇ ರಾಶಿಯಲ್ಲಿ ಸಿಕ್ಕ ಹಳದಿ ಹೆಂಟೆಗಳನ್ನು ಹಳೆಯ ಬಾಣಲೆಯಲ್ಲಿ ಹುರಿದಾಗ ಅವು ಕಣ್ಣೆದುರೇ ಕೆಂಪಾದವು. ಹಳದಿ ಮಣ್ಣಿನ ಕಬ್ಬಿಣದ ಅದಿರು ತನ್ನೊಳಗಿನ ನೀರನ್ನು ಕಳೆದುಕೊಂಡು ಕೆಂಪು ಆಕ್ಸೈಡ್ ಆಗುವುದೇ ಇದಕ್ಕೆ ಕಾರಣ. ಇನ್ನೂ ಆಳದಿಂದ ಬಂದ ಬಿಳಿಯ ಶೇಡಿಮಣ್ಣನ್ನು ಮಕ್ಕಳು ಅಂಗಳದಲ್ಲಿ ಗೆರೆ ಎಳೆಯಲು ಎತ್ತಿಟ್ಟುಕೊಂಡಿದ್ದಾರೆ.

ಹಳದಿ ಬಣ್ಣಕ್ಕೆ ಅರಿಸಿನ ಏಕೆ ಬೇಡ ಎಂದು ಹಲವರು ಕೇಳಿದರು. ಅರಿಸಿನಕ್ಕೆ ಸುಣ್ಣ ತಾಗಿದರೆ ಏನಾಗುತ್ತದೆಂಬುದು ಆರತಿಯ ಓಕುಳಿ ಕಲಸಿದವರಿಗೆಲ್ಲ ಗೊತ್ತು. ಆ ಕೆಂಪು ಕೂಡ ಬಿಸಿಲಿಗೆ ನಿಲ್ಲುವುದಿಲ್ಲ. ಭೂತಕೋಲದ ಮುಖವರ್ಣಿಕೆಯ ಅರದಾಳದ ಹಳದಿ ಚೆಲುವಾದದ್ದೇ, ಆದರೆ ಅದು ಆರ್ಸೆನಿಕ್‌ನ ಖನಿಜವಾದ್ದರಿಂದ ಮಕ್ಕಳ ಕೈಗೆ ಕೊಡುವಂಥದ್ದಲ್ಲ.

ಸುಣ್ಣದ ಕೆಲಸಕ್ಕೆ ಕುಂದಾಪುರದ ಕಡೆಯ ಹಿರಿಯ ಗಾರೆಯವರೊಬ್ಬರು ಒದಗಿದ್ದು ನಮ್ಮ ಅದೃಷ್ಟ. ಸಿಮೆಂಟಿನ ಗೋಡೆಯಾಗಿದ್ದರೆ ತಾನು ಬರುತ್ತಲೇ ಇರಲಿಲ್ಲವೆಂದು ಅವರು ಮೊದಲೇ ಹೇಳಿದ್ದರು. ತೂತು ತೂತಾದ ಮುರಕಲ್ಲಿಗೆ ಗಾರೆ ಕಚ್ಚಿಕೊಳ್ಳುತ್ತದೆ, ನುಣುಪಾದ ಸಿಮೆಂಟಿಗೆ ಕಚ್ಚುವುದಿಲ್ಲ. ಚಿಪ್ಪಿನ ಸುಣ್ಣಕ್ಕೆ ಮರಳು, ಬೆಲ್ಲದ ನೀರು ಸೇರಿಸಿ ಕೊಳೆಹಾಕಿ, ಹದ ಬಂದ ಮೇಲೆ ಗೋಡೆಯನ್ನು ಚೆನ್ನಾಗಿ ನೆನೆಸಿ ಹಚ್ಚಿದರು. ಕೆಂಪು ಲೇಪವು ನೀರುದೋಸೆಯ ಹಿಟ್ಟಿನಷ್ಟು ತೆಳ್ಳಗಿರಬೇಕು, ಒಂದು ದಿನ ಕೆರೆದು ಮುಗಿಸಬಹುದಾದಷ್ಟು ಭಾಗಕ್ಕೆ ಮಾತ್ರ ಹಚ್ಚಬೇಕು. ಉಜ್ಜುವ ಕೆಲಸದಲ್ಲಿ, ಕಟ್ಟಡ ಕೆಲಸಕ್ಕೆಂದು ಉತ್ತರ ಕರ್ನಾಟಕದಿಂದ ಬಂದು ಪಕ್ಕದ ಶೆಡ್ಡುಗಳಲ್ಲಿರುವ ಹೆಂಗಸರು, ಮಣ್ಣಿನ ಗೋಡೆ ಸಾರಿಸಿ ಪಳಗಿದ ಕೈಯವರಾದ್ದರಿಂದ, ನಮ್ಮೆಲ್ಲರಿಗಿಂತ ಮುಂದಿದ್ದರು. ಅವರಿಗೆ ದಿನಗೂಲಿಯನ್ನೇ ಕೊಡುತ್ತಿದ್ದೇವೆ. ಉಳಿದವರಿಗೆ ಇದು ಹವ್ಯಾಸವಾದರೂ ಅವರಿಗೆ ಭಾನುವಾರವೂ ದುಡಿಮೆಯ ದಿನವೇ.

ಬಣ್ಣ ಎರಡೇ ಇರುವುದರಿಂದ ಚಿತ್ರವನ್ನು ಬೇರೆಯೇ ರೀತಿಯಲ್ಲಿ ಯೋಚಿಸಬೇಕಾಯಿತು. ಕೆರೆದದ್ದೆಲ್ಲ ಬಿಳಿಯಾಗುವುದರಿಂದ ಎರಿಯೊಕಾಲನ್ನಿನ ತಲೆ ಸಹಜವಾಗಿಯೇ ಮೂಡಿತು, ಯುಟ್ರಿಕ್ಯುಲೇರಿಯಾದ ನೇರಳೆ ಮಾತ್ರ ಕೈತಪ್ಪಿತು. ಕೇಪಳಕ್ಕೆ ತಿರುಗಿಸಿ ಮಾಡಿದೆವು: ಸುತ್ತ ಕೆರೆದು ಹೂವಿನ ಗೊಂಚಲನ್ನು ಕೆಂಪಾಗಿಯೇ ಬಿಟ್ಟೆವು. ನೆಕ್ಕರೆಯ ಎಲೆಗೆ ಉದ್ದಕ್ಕೂ ಸಾಗುವ ನರಗಳು ನಾಲ್ಕಾರು ಗೆರೆಗಳಲ್ಲಿ ಮುಗಿದವು. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಚಿತ್ರಕಲಾವಿದ ಕೆ.ಕೆ. ಹೆಬ್ಬಾರರು ಎರಡು ಗೆರೆಗಳಲ್ಲಿ ಕುಣಿಯುವ ದೇಹವನ್ನೇ ನಿಲ್ಲಿಸಿದ ಊರಿನ ಕಡೆಯವರು ನಾವು, ಆದರೂ ಗೆರೆ ಕಡಿಮೆ ಮಾಡುವುದು ನಮಗೆ ಇನ್ನೂ ಕಷ್ಟವೇ.

ಮೂರನೆಯ ಅಂಕಣ ಟಿಟ್ಟಿಭನಿಗೆ ಮೀಸಲು. ಬರಿಯ ಕಲ್ಲುನೆಲದ ಹರಳುಗಳ ನಡುವೆ ಮೊಟ್ಟೆಯಿಡುವ ಈ ಹಕ್ಕಿಯ ಗೂಡನ್ನು ಬಿಡಿಸುವಾಗ ಮೊಟ್ಟೆ ಮತ್ತು ಹರಳು ಬೇರೆಬೇರೆಯಾಗಿ ಕಾಣಬೇಕೇ ಬೇಡವೇ ಎಂಬ ಚರ್ಚೆ ನಡೆದಿದೆ. ಕಾಣಬಾರದು, ನೋಡುವವರು ಹುಡುಕಲಿ ಎಂಬುದು ಮಕ್ಕಳ ಪಟ್ಟು, ನನ್ನ ಮತವೂ ಅದೇ. ಬಿಸಿಲು ಬಲಿತರೆ ಲೇಪ ಬೇಗ ಒಣಗಿ ಕೆರೆಯಲು ಸಮಯ ಸಿಗದಾದ್ದರಿಂದ ಈ ಭಾಗವನ್ನು ಶಿವರಾತ್ರಿಯೊಳಗೆ ಮುಗಿಸಬೇಕೆಂದು ಗಾರೆಯವರು ಗಡುವು ಕೊಟ್ಟಿದ್ದಾರೆ. ಸುಣ್ಣ ಈಗಾಗಲೇ ಕೊಳೆಯಲ್ಲಿದೆ, ಕೆಂಪುಪುಡಿ ಇನ್ನೊಂದು ಡಬ್ಬದಷ್ಟು ಬೇಕು. ಬರುವ ಭಾನುವಾರ ಮಣ್ಣು ಸೋಸುವ ಕೆಲಸವಿದೆ.